ನಡೆಯದ ರೊಕ್ಕ

"ಹತ್ತರ ಕ್ವಾಯಿನ್ ನಡಿಯಂಗಿಲ್ರಿ ಸರ, ನೋಟು ಕೊಡ್ರಿ."

ಗಾಂಧಿ ಚೌಕಿನ ಹತ್ತಿರದ ಚಾದಂಗಡಿಯ ಹುಡುಗ ಹೀಗೆ ಹೇಳುವಷ್ಟರಲ್ಲಿ ನಾನು ಚಾ ಕುಡಿದು ಮುಗಿಸಿದ್ದೆ. ಮೊದಲೇ ಹೇಳಿದ್ದರೆ ಬೇರೆ ಮಾತು. ಹೊಟ್ಟೆಗೆ ಹೋದ ಚಾ ವಾಪಸ್ ಕೊಡೋಕೆ ಬರುತ್ತದಾ?

"ಯಾಕ ನಡಿಯಂಗಿಲ್ಲೋ ತಮ್ಮಾ? ಸರಕಾರದ್ದಲ್ಲೇನು ಇದು?"

"ಸರಕಾರದ್ದ ಐತ್ರಿ. ಮಂದಿ ತಗೋಳಂಗಿಲ್ರಿ."

ಈ ಮಂದಿ ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕಾಯಿಪಲ್ಲೆ ಮಾರುವವಳನ್ನು ಕೇಳಿದರೆ ಮಂದಿ ಅನ್ನುತ್ತಾಳೆ. ಕಿರಾಣಿ ಅಂಗಡಿಯವನೂ ಮಂದಿ ಅನ್ನುತ್ತಾನೆ. ನಾನಂತೂ ಯಾರು ಕೊಟ್ಟರೂ ತಗೊಳ್ಳುತ್ತೇನೆ. ಅದಕ್ಕೇ ಊರಿನ ನಾಣ್ಯವೆಲ್ಲ ನನ್ನ ಕಿಸೆಯಲ್ಲಿ ಬಂದು ಕೂತಿವೆ.

ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಹೇಳಿಬಿಟ್ಟಿದೆ. ಹತ್ತರ ನಾಣ್ಯ ಅಲ್ಲಿಯವರೆಗೆ 14 ನಮೂನೆಯಲ್ಲಿ ಬಂದಿದೆ, ಹದಿನಾಲ್ಕೂ ನಡೆಯುತ್ತವೆ ಅಂತ. ಹತ್ತು ಗೆರೆ ಇದ್ದದ್ದು ಅಸಲಿ, ಹದಿನೈದು ಗೆರೆ ಇದ್ದದ್ದು ನಕಲಿ ಅನ್ನುವುದು ಬರೀ ಗಾಳಿಮಾತು. ಸಂಶಯ ಇದ್ದವರಿಗೆ ಅಂತ 14440 ನಂಬರನ್ನೂ ಕೊಟ್ಟಿದ್ದರು. ಇದನ್ನೆಲ್ಲ ನಾನು ಆ ಹುಡುಗನಿಗೆ ಬಿಡಿಸಿ ಹೇಳಿದೆ. ನಾನು ಮಾಸ್ತರ, ಪಾಠ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಅವನು ಪೂರಾ ಕೇಳಿಸಿಕೊಂಡ. ಕೇಳಿಸಿಕೊಂಡು, "ಫೋನ್ ಪೇ ಮಾಡ್ರಿ ಸರ" ಅಂದ. ಫೋನು ಮನೆಯಲ್ಲಿ ಚಾರ್ಜಿಗೆ ಇತ್ತು.

ಬೆಂಚಿನ ಮೇಲೆ ಒಬ್ಬರು ಹಿರಿಯರು ಕೂತಿದ್ದರು. ಬಿಳಿ ಧೋತರ, ಗಾಂಧಿ ಟೋಪಿ, ಬಾಯಿ ತುಂಬ ಎಲೆ-ಅಡಿಕೆ. ಅವರ ಮಾತು ಅದಕ್ಕೂ ಮೊದಲೇ ಶುರುವಾಗಿತ್ತು, ಪಕ್ಕದವನ ಮಗನ ಲಗ್ನದ ವಿಷಯ. ನನ್ನ ಕಡೆ ತಿರುಗಿ, "ರೊಕ್ಕ ಒಂದಿತ್ತಂದ್ರ ಎಲ್ಲಾ ಬರೋಬ್ಬರಿ ಆಗ್ತೈತಿ ನೋಡ್ರಿ ಮಾಸ್ತರ" ಅಂದರು. ನನ್ನ ಅಂಗೈಯಲ್ಲಿ ಆಗ ಆರು ನಾಣ್ಯ ಇದ್ದವು. ಅರವತ್ತು ರೂಪಾಯಿ. ಒಂದು ಚಾದ ಸಮಸ್ಯೆ ಬಗೆಹರಿಯಲಿಲ್ಲ.

ಈ ವಿಜಯಪುರವನ್ನು ಆಳಿದ ಎರಡನೇ ಅಲಿ ಆದಿಲ್ ಶಾಹ ಬೆಳ್ಳಿ ತಂತಿಯನ್ನು ನಡುವೆ ಮಡಚಿಸಿ, ಅದರ ಮೇಲೆ ಠಸ್ಸೆ ಒತ್ತಿಸಿ ನಾಣ್ಯ ಅಂತ ಚಲಾಯಿಸಿದ್ದ. ನೋಡೋಕೆ ಥೇಟು ಹೆಂಗಸರ ತಲೆಪಿನ್ನು. ಹೆಸರು ಲಾರಿ. ಪರ್ಷಿಯಾದ ಲಾರ್ ಅನ್ನುವ ಊರಿನಿಂದ ಬಂದ ಹೆಸರದು. ಸಮುದ್ರದ ವ್ಯಾಪಾರಿಗಳು ಅದನ್ನು ಸುಮ್ನೆ ತಗೊಂಡು ಗಂಟಿಗೆ ಹಾಕಿಕೊಳ್ಳುತ್ತಿದ್ದರು. ತಂತಿಯ ತುಂಡು ನಡೆಯಿತು. ಎರಡು ಬಣ್ಣದ, ಸಿಂಹದ ಮುದ್ರೆಯ, ಗುಂಡಗಿನ ನನ್ನ ನಾಣ್ಯ ನಡೆಯಲಿಲ್ಲ.

ಇರಲಿ. ಹಿರಿಯರ ಮಾತು ಕೇಳಿ ನನಗೆ ನೆನಪಾದದ್ದು ನಮ್ಮ ಕಾಕಾ. ಸರಿಯಾಗಿ ಹೇಳಬೇಕೆಂದರೆ, ಕಾಕಾನ ಮಂಚ.

ಕಾಕಾನ ಊರು ಕೃಷ್ಣೆಯ ದಂಡೆಯಲ್ಲಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಇಟ್ಟಾಗ ಅವನು ಚಡ್ಡಿ ಹಾಕುವ ಹುಡುಗ. ಹಿನ್ನೀರು ಹೊಲಕ್ಕೆ ಬರುವಷ್ಟರಲ್ಲಿ ಮಗಳು ಲಗ್ನಕ್ಕೆ ಬಂದಿದ್ದಳು. ಊರು ಮುಳುಗಿತು, ಹೊಲ ಮುಳುಗಿತು, ಮುಳುಗಡೆ ರೊಕ್ಕ ಬಂತು. ನಮ್ಮ ಮನೆತನದಲ್ಲಿ ಅಷ್ಟು ರೊಕ್ಕ ಒಮ್ಮೆಗೇ ನೋಡಿದವರು ಯಾರೂ ಇರಲಿಲ್ಲ. ಕಾಕಾ ಪುನರ್ವಸತಿ ಕೇಂದ್ರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದ. ಮೇಲೊಂದು ಬೆಡ್‌ರೂಮು. ಬೆಡ್‌ರೂಮು ಅಂದಮೇಲೆ ಮಂಚ ಬೇಕಲ್ವಾ?

ಸಾಗವಾನಿ ಮಂಚ. ಇಬ್ಬರು ಮಲಗಿ ನಡುವೆ ಒಬ್ಬ ಮೊಮ್ಮಗ ಉರುಳಾಡುವಷ್ಟು ಅಗಲ. ತಲೆಬದಿಯ ಹಲಗೆಗೆ ಎದುರುಬದುರು ಎರಡು ನವಿಲು. ಬಡಿಗ ಅದನ್ನು ಕೆಳಗೆ ಪಡಸಾಲೆಯಲ್ಲೇ ಕೂಡಿಸಿದ, ಅಲ್ಲಿ ಬೆಳಕು ಚಲೋ ಇತ್ತು. ಮಲಗಿದಾಗ ಕಿರ್ ಅನ್ನಬಾರದು ಅಂತ ಕಾಕಾ ಎಲ್ಲ ಕೀಲಿಗೂ ಫೆವಿಕಾಲ್ ಸುರಿಸಿ, ಮೊಳೆ ಜಡಿಸಿದ. ಇನ್ನು ಬಿಚ್ಚುವ ಮಾತೇ ಇಲ್ಲ.

ಗೃಹಪ್ರವೇಶದ ಹಿಂದಿನ ದಿನ ಎಂಟು ಮಂದಿ ಎತ್ತಿದರು. ಮೆಟ್ಟಿಲಿನ ತಿರುವಿನವರೆಗೆ ಮಂಚ ಮದುಮಗನ ಹಾಗೆ ಹೋಯಿತು. ತಿರುವಿನಲ್ಲಿ ಸಿಕ್ಕಿಬಿತ್ತು. ಮುಂದೂ ಇಲ್ಲ, ಹಿಂದೂ ಇಲ್ಲ. ಮೇಲಿದ್ದ ನಾಲ್ಕು ಮಂದಿ ಮೇಲೇ ಉಳಿದರು. ಒಬ್ಬ ಅಡ್ಡ ಮಾಡ್ರಿ ಅಂದ, ಇನ್ನೊಬ್ಬ ಉದ್ದ ಮಾಡ್ರಿ ಅಂದ. ಮೂರನೆಯವನು ಮೆಟ್ಟಿಲು ಕಟ್ಟಿದ ಗೌಂಡಿಯ ಮನೆತನವನ್ನೇ ಜಾಲಾಡಿದ. ಗೌಂಡಿ ಅಲ್ಲೇ ಮಂಚದ ಒಂದು ಕಾಲು ಹಿಡಿದು ನಿಂತಿದ್ದ, ಪಾಪ. ಮೇಲಿದ್ದವರಿಗೆ ಚಾ ಕೊಡಬೇಕಲ್ಲ? ಚಿಗವ್ವ ಕಿಟ್ಲಿಗೆ ಹಗ್ಗ ಕಟ್ಟಿಸಿ ಕಿಟಕಿಯಿಂದ ಮೇಲೆ ಎಳೆಸಿದಳು. ಬಸಿಗಳು ಆಮೇಲೆ ಬುಟ್ಟಿಯಲ್ಲಿ ಹೋದವು. ನಾನು ಕೆಳಗೆ ನಿಂತು ಸಲಹೆ ಕೊಡುತ್ತಿದ್ದೆ. ಕಾಲೇಜು ಕಲಿತವನು ಅಂತ ನನಗೆ ಆ ಕೆಲಸ ಬಿಟ್ಟಿದ್ದರು.

ಸಂಜೆಗೆ ಮಂಚ ಕೆಳಗಿಳಿಯಿತು. ಒಂದು ನವಿಲಿನ ಕೊಕ್ಕು ಮುರಿದಿತ್ತು. ಆಗ ಅಳಿಯ ಆಗಲಿದ್ದ ಹುಡುಗ ಒಂದು ಮಾತು ಹೇಳಿದ. "ಮ್ಯಾಲಿನ ಗ್ವಾಡಿ ಒಡೀರಿ, ಹೊರಗಿಂದ ಹಗ್ಗಾ ಹಾಕಿ ಜಗ್ಗೂಣು. ರೊಕ್ಕ ಐತಲ್ಲ, ಮತ್ತ ಕಟ್ಟಿಸಿದ್ರಾತು." ಎಲ್ಲರಿಗೂ ಒಪ್ಪಿಗೆಯಾಯಿತು. ಬಣ್ಣ ಇನ್ನೂ ಆರದ ಗೋಡೆ ಒಡೆದರು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು ಕೆಲವರು ಎತ್ತಿದರು, ಮೇಲಿನಿಂದ ಕೆಲವರು ಜಗ್ಗಿದರು. ಮಂಚ ಆಕಾಶದಲ್ಲಿ ಎರಡು ಸಲ ಗಿರಕಿ ಹೊಡೆದು ರೂಮಿನೊಳಗೆ ಹೋಯಿತು. ಓಣಿಯವರು ಚಪ್ಪಾಳೆ ಹೊಡೆದರು.

ಗೋಡೆ ಮತ್ತೆ ಕಟ್ಟಲಿಲ್ಲ. ಮೊದಲು ಮಗಳ ಲಗ್ನ ಬಂತು. ಆ ಅಳಿಯನಿಗೇ ಮೋಟರ್ ಸೈಕಲ್. ಆಮೇಲೆ ಮೂರು ಬೋರ್, ಮೂರರಲ್ಲೂ ಧೂಳು. ನಡುವೆ ಕೈಗಡ ಕೇಳೋಕೆ ಬಂದ ಬೀಗರ ಕಡೆಯವರು. ಒಡೆದ ಜಾಗಕ್ಕೆ ತಾಡಪತ್ರಿ ಕಟ್ಟಿದರು. ಗಾಳಿ ಬಿಟ್ಟರೆ ಅದು ರಾತ್ರಿಯಿಡೀ ಪಟಪಟ ಬಡಿದುಕೊಳ್ಳುತ್ತಿತ್ತು. ಕಾಕಾ ಕೆಳಗೆ ಬಂದು ಕಟ್ಟೆಯ ಮೇಲೆ ಹಳೇ ಕೌದಿ ಹಾಸಿಕೊಂಡು ಮಲಗೋಕೆ ಶುರುಮಾಡಿದ. ಮುಂದಿನ ವರ್ಷ ನಾನು ಹೋದಾಗ ಮಂಚದ ಮೇಲೆ ಉಳ್ಳಾಗಡ್ಡಿ ಹರಡಿದ್ದರು. ಅಲ್ಲಿ ಗಾಳಿ ಚಲೋ ಆಡುತ್ತದಂತೆ, ಕೊಳೆಯುವುದಿಲ್ಲವಂತೆ. ಉಳ್ಳಾಗಡ್ಡಿ ಪಾಲಿಗೆ ಮಾಡಿದ ಹೊಲದ್ದು. ಸ್ವಂತ ಎರೆಹೊಲ ನೀರಿನ ಕೆಳಗಿತ್ತು.

"ಅಷ್ಟು ರೊಕ್ಕದಾಗ ಮತ್ತ ಹೊಲಾನ ತಗೋಬೇಕಿತ್ತಲ್ಲ ಕಾಕಾ?" ಅಂತ ಒಮ್ಮೆ ಕೇಳಿದ್ದೆ.

"ಎಲ್ಲಾರ ಕೈಯಾಗೂ ಅದ ವರ್ಷ ರೊಕ್ಕ ಬಂದಿತ್ತೋ. ಮಾರವ್ರು ಯಾರಿದ್ರು? ಇದ್ದವ್ರು ಬೆಲಿ ಮುಗಲಿಗೆ ಏರ್ಸಿದ್ರು."

ಇದನ್ನು ಓದಿ "ನೋಡಿ, ರೊಕ್ಕದಿಂದ ಸುಖ ಸಿಗಲ್ಲ" ಅಂತ ಯಾರೂ ತಲೆ ಆಡಿಸಬೇಡಿ. ಆ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ನಮ್ಮ ಶಾಲೆಯ ಕಾರ್ಯಕ್ರಮಕ್ಕೆ ಒಬ್ಬ ಭಾಷಣಕಾರರು ಬಂದಿದ್ದರು. ಹಣ ಅನ್ನುವುದು ಮಾಯೆ ಅಂತ ಒಂದೂವರೆ ತಾಸು ಹೇಳಿದರು, ಮಕ್ಕಳನ್ನು ಬಿಸಿಲಲ್ಲಿ ಕೂಡಿಸಿ. ಆಮೇಲೆ ಸ್ಟಾಫ್ ರೂಮಿಗೆ ಬಂದು ಕವರ್ ಬಿಚ್ಚಿ, ಎಂಜಲು ಹಚ್ಚಿ ಎರಡು ಸಲ ಎಣಿಸಿದರು. "ಡೀಜಲ್ಲಿಂದು ಬ್ಯಾರೆ ಅಂತ ಮಾತಾಗಿತ್ತಲ್ರೀ?" ಅಂದರು. ಅದೇ ತಿಂಗಳು ನಮ್ಮ ಸಿಪಾಯಿಯ ಹೆಂಡತಿ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದಳು. ಕಿಡ್ನಿಯಲ್ಲಿ ಹರಳು. ಸಿಪಾಯಿ ಹದಿನೈದು ದಿನ ಮನೆ ಮನೆ ಅಲೆದ. ರೊಕ್ಕ ಕೂಡಿತು, ಮರುದಿನ ಆಪರೇಷನ್ ಆಯಿತು, ಎಂಟು ದಿನಕ್ಕೆ ಎದ್ದು ಕೂತು ರೊಟ್ಟಿ ಬಡಿದಳು. ಅಲ್ಲಿ ಬೇಕಾದದ್ದು ರೊಕ್ಕ. ಮಾಯೆಯ ಮೇಲಿನ ಭಾಷಣ ಅಲ್ಲ.

ಹಾಗಾದರೆ ಟೋಪಿ ಹಿರಿಯರ ಮಾತೇ ಸರಿಯಾ? ಸಿಪಾಯಿಯ ಹೆಂಡತಿಯ ವಿಷಯಕ್ಕೆ ಸರಿ. ಕಾಕಾನ ವಿಷಯಕ್ಕೆ... ಏನು ಹೇಳಬೇಕೋ ತಿಳಿಯಲಿಲ್ಲ. ಇನ್ನೂ ಸ್ವಲ್ಪ ಜಾಸ್ತಿ ರೊಕ್ಕ ಇದ್ದಿದ್ದರೆ ಗೋಡೆಯಾದರೂ ಆಗುತ್ತಿತ್ತೇನೋ. ಹೀಗೆ ಲೆಕ್ಕ ಹಾಕುತ್ತ ನಿಂತಿದ್ದಾಗ ಆ ಹಿರಿಯರೇ ಧೋತರದ ಸೊಂಟದಿಂದ ಫೋನು ತೆಗೆದು ನನ್ನ ಚಾದ ಹತ್ತು ರೂಪಾಯಿ ಹಾಕಿಬಿಟ್ಟರು. ಡಬ್ಬಿಯೊಳಗಿನ ಹೆಣ್ಣು ದನಿ ಇಡೀ ಚೌಕಿಗೆ ಕೇಳುವಂತೆ "ಹತ್ತು ರೂಪಾಯಿ" ಅಂತ ಸಾರಿತು. ನಾನು ನಾಣ್ಯ ಮುಂದೆ ಹಿಡಿದೆ.

"ಅದು ಬ್ಯಾಡ್ರಿ ಮಾಸ್ತರ. ನೋಟು ಸಿಕ್ಕಾಗ ಕೊಡ್ರಿ. ಅವಸರ ಏನೈತಿ?"

ಅವಸರ ಇಲ್ಲ ಅಂದವರು ಮರುದಿನವೇ "ಸಿಕ್ಕಿತೇನ್ರಿ ನೋಟು?" ಅಂತ ಕೇಳಿದರು. ಅವರು ಬೆಂಚಿನ ಮೇಲಿದ್ದ ದಿನ ನನ್ನ ಹತ್ತಿರ ಐನೂರರ ನೋಟು ಇರುತ್ತದೆ. ಹತ್ತರ ನೋಟು ಇದ್ದ ದಿನ ಅವರು ಇರುವುದಿಲ್ಲ.

ಈಗ ನಾನು ಆ ದಾರಿ ಬಿಟ್ಟು ಬಾರಾ ಕಮಾನಿನ ಕಡೆಯಿಂದ ಹೋಗುತ್ತೇನೆ. ತಂತಿಯ ನಾಣ್ಯ ಚಲಾಯಿಸಿದ ಆ ಅಲಿ ಆದಿಲ್ ಶಾಹನ ಗೋರಿ ಅದು. ಕಮಾನುಗಳು ನಿಂತಿವೆ, ಮೇಲೆ ಆಕಾಶ. ಇದರ ನೆರಳು ಅಪ್ಪನ ಗೋಳಗುಮ್ಮಟದ ಮೇಲೆ ಬೀಳುತ್ತದೆ ಅಂತ ಕೆಲಸ ನಿಲ್ಲಿಸಿದರು ಅಂತ ಗೈಡುಗಳು ಕಥೆ ಹೇಳುತ್ತಾರೆ. ನನಗೆ ಮಾತ್ರ ಯಾರೋ ಮಂಚ ಏರಿಸೋಕೆ ಜಾಗ ಬಿಟ್ಟ ಹಾಗೆ ಕಾಣುತ್ತದೆ.

ಅಲ್ಲೂ ಒಂದು ಚಾದಂಗಡಿ ಇದೆ. ಅಲ್ಲಿ ಚಾ ಹದಿನೈದು ರೂಪಾಯಿ. ಐದರ ನಾಣ್ಯ ತಗೊಳ್ಳುತ್ತಾನೆ, ಉಳಿದ ಹತ್ತಕ್ಕೆ ನೋಟೇ ಬೇಕಂತೆ.