ಉಜ್ಜಿದರೆ ಹೋಗುವ ಕಲೆ

ಬಟ್ಟೆಗೆ ಹತ್ತುವುದೂ ಕಲೆ, ಮ್ಯೂಸಿಯಂನಲ್ಲಿ ಇಡುವುದೂ ಕಲೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಇದು ನಮ್ಮ ಭಾಷೆಯ ಬಡತನ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. 2011ರಲ್ಲಿ ಜರ್ಮನಿಯ ಡಾರ್ಟ್‌ಮಂಡ್ ನಗರದ ಮ್ಯೂಸಿಯಂನವರಿಗೆ ಕನ್ನಡ ಬರುತ್ತಿದ್ದರೆ, ಸ್ವಚ್ಛ ಮಾಡುವವರಿಗೆ "ಕಲೆ ಕಂಡರೆ ಹುಷಾರು" ಅಂತ ಒಂದು ಮಾತು ಹೇಳುತ್ತಿದ್ದರು.

ಅಲ್ಲಿ ಮಾರ್ಟಿನ್ ಕಿಪ್ಪೆನ್‌ಬರ್ಗರ್ ಅವರ ಕೃತಿಯೊಂದಿತ್ತು. ಮರದ ಪಟ್ಟಿಗಳನ್ನು ಪೇರಿಸಿದ ಗೋಪುರ, ಅದರ ಕೆಳಗೆ ಒಂದು ರಬ್ಬರ್ ತೊಟ್ಟಿ. ತೊಟ್ಟಿಯ ತಳದಲ್ಲಿ ಮಳೆನೀರು ನಿಂತು ಒಣಗಿದ ಹಾಗೆ ಒಂದು ಪದರ. ಅದನ್ನು ಬೇಕಂತಲೇ ಬಣ್ಣದಲ್ಲಿ ಬಳಿದಿದ್ದರು. ವಿಮೆ 8 ಲಕ್ಷ ಯೂರೋ. ಕಸ ಗುಡಿಸಲು ಬಂದ ಹೆಂಗಸಿಗೆ ವಿಮೆ ಕಾಣಲಿಲ್ಲ, ಕೊಳೆ ಕಂಡಿತು. ತೊಟ್ಟಿ ಹೊಳೆಯುವವರೆಗೆ ಉಜ್ಜಿದರು. ಕಲೆಯೂ ಹೋಯಿತು, ಕಲೆಯೂ ಹೋಯಿತು. ಕಲಾಕೃತಿಗಳಿಂದ 20 ಸೆಂಟಿಮೀಟರ್ ದೂರ ಇರಬೇಕು ಅಂತ ಅಲ್ಲಿ ಕೆಲಸದವರಿಗೆ ಮೊದಲೇ ಹೇಳಿದ್ದರಂತೆ. ಸರಿ, ಆದರೆ ಎಲ್ಲಿಂದ 20 ಅಳೆಯಬೇಕು? ಅದಕ್ಕೆ ಮೊದಲು ಕಲಾಕೃತಿ ಯಾವುದು ಅಂತ ಗೊತ್ತಿರಬೇಕಲ್ವಾ?

ಇಂಥ ಕಲೆಯಲ್ಲಿ ಎಲ್ಲರಿಗೂ ನೆನಪಿರುವುದು ಒಂದು ಹಾಸಿಗೆ. ಬ್ರಿಟಿಷ್ ಕಲಾವಿದೆ ಟ್ರೇಸಿ ಎಮಿನ್ ಅವರದು, ಹೆಸರೇ "ನನ್ನ ಹಾಸಿಗೆ". 1998ರಲ್ಲಿ ಮಾಡಿದ್ದು. ಮಾಡಿದ್ದು ಅಂದರೆ, ಮಡಚದೆ ಬಿಟ್ಟಿದ್ದು. ಮುದ್ದೆಯಾದ ಹೊದಿಕೆ, ಕಲೆ ಹತ್ತಿದ ಹಾಸು, ಖಾಲಿ ವೋಡ್ಕಾ ಬಾಟಲಿ, ಸಿಗರೇಟಿನ ತುಂಡು, ಚಪ್ಪಲಿ, ಒಳಉಡುಪು, ಮನೆಗೆ ನೆಂಟರು ಬಂದರೆ ಮಂಚದ ಕೆಳಗೆ ತಳ್ಳುವ ಇನ್ನೂ ಏನೇನೋ. ಪ್ರೀತಿ ಮುರಿದುಬಿದ್ದು ದಿನಗಟ್ಟಲೆ ಆ ಹಾಸಿಗೆಯಿಂದ ಏಳದೆ ಬಿದ್ದಿದ್ದ ಎಮಿನ್, ಕೊನೆಗೊಮ್ಮೆ ಎದ್ದು ತಿರುಗಿ ನೋಡಿದಾಗ ಕಂಡದ್ದು ಇದು. ಆ ದುಃಖವನ್ನು ನಾನು ಗೇಲಿ ಮಾಡುವುದಿಲ್ಲ. ನಾಲ್ಕು ದಿನ ಹಾಸಿಗೆ ಬಿಟ್ಟೇಳದವರಿಗೆ ಅದು ಏನು ಅಂತ ಗೊತ್ತು. ನನಗೆ ನಗು ಬರುವುದು ಆ ಹಾಸಿಗೆಯ ಸುತ್ತ ಹಗ್ಗ ಕಟ್ಟಿ ನಿಂತವರನ್ನು ನೋಡಿ.

ಯಾಕೆ ಅಂದರೆ, 1999ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿಯ ಸ್ಪರ್ಧೆಗೆ ಅದು ಲಂಡನ್ನಿನ ಟೇಟ್ ಗ್ಯಾಲರಿಗೆ ಬಂದಾಗ, ಇಬ್ಬರು ಕಲಾವಿದರು ಅಂಗಿ ಕಳಚಿ ಅದರ ಮೇಲೆ ಹಾರಿದರು. ದಿಂಬಿನಲ್ಲಿ ಹೊಡೆದಾಡಿದರು. ಇದೂ ಕಲೆಯೇ ಅನ್ನುವುದು ಅವರ ವಾದ. ಕಾವಲಿನವರು ಬಂದು ಕೆಳಗಿಳಿಸಿದರು. ಈಗ ಆ ಕಾವಲಿನವರ ಕಷ್ಟ ಯೋಚಿಸಿ. ಏನು ಅಂತ ಬೈಯಬೇಕು? "ಹಾಸಿಗೆ ಯಾಕ್ರೀ ಹಾಳು ಮಾಡ್ತೀರಿ?" ಅಂದರೆ ಅದು ಮೊದಲೇ ಹಾಳಾಗಿದೆ. ಆಮೇಲೆ ಅದನ್ನು ಸರಿ ಮಾಡಿದರು. ಅಂದರೆ, ತಪ್ಪಾಗಿ ಕೆದರಿದ್ದನ್ನು ಮತ್ತೆ ಸರಿಯಾಗಿ ಕೆದರಿಟ್ಟರು.

ಇದಕ್ಕಿಂತ ನನ್ನ ನಿದ್ದೆ ಕೆಡಿಸುವುದು ಧೂಳಿನ ಪ್ರಶ್ನೆ. ಧೂಳಿಗೆ ಟಿಕೆಟ್ ಬೇಕಿಲ್ಲ, ಎಲ್ಲ ಕಡೆ ಬೀಳುತ್ತದೆ. ಆ ಹಾಸಿಗೆಯ ಮೇಲೂ ಬೀಳಲೇಬೇಕು. 1998ರ ಕೊಳೆ ಕಲೆ. ಅದರ ಮೇಲೆ ನಿನ್ನೆ ಕೂತ ಧೂಳು ಬರೀ ಧೂಳು. ಮೊದಲನೆಯದನ್ನು ಮುಟ್ಟದೆ ಎರಡನೆಯದನ್ನು ಮಾತ್ರ ಒರೆಸಬೇಕು. ಕೈಗವಸು ಹಾಕಿ, ಮೆತ್ತನೆಯ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಹಳೆ ಸಿಗರೇಟಿನ ಬೂದಿಯ ಮೇಲಿಂದ ಹೊಸ ಧೂಳು ಬಿಡಿಸುವ ಒಬ್ಬ ಮನುಷ್ಯನನ್ನು ಕಣ್ಣಿಗೆ ತಂದುಕೊಳ್ಳಿ. ಸಂಜೆ ಮನೆಗೆ ಹೋದಾಗ "ಇವತ್ತೇನು ಕೆಲಸ ಮಾಡಿದ್ರಿ?" ಅಂತ ಹೆಂಡತಿ ಕೇಳಿದರೆ ಏನು ಹೇಳಿಯಾನು ಪಾಪ! ಗಲೀಜು ಗಲೀಜಾಗದ ಹಾಗೆ ನೋಡಿಕೊಂಡೆ ಅಂತಲೇ?

ಆ ವರ್ಷದ ಪ್ರಶಸ್ತಿ ಸ್ಟೀವ್ ಮೆಕ್ವೀನ್ ಅವರಿಗೆ ಹೋಯಿತು. ಅವರು ಏನು ಪ್ರದರ್ಶಿಸಿದ್ದರು ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಹಾಸಿಗೆಯ ಸುದ್ದಿಗೇ ಬರುತ್ತಾರೆ. ಹಾಸಿಗೆ ಸೋತು ಗೆದ್ದಿತು. 2000ದಲ್ಲಿ ಕಲಾಕೃತಿ ಸಂಗ್ರಾಹಕ ಚಾರ್ಲ್ಸ್ ಸಾಚಿ ಅದನ್ನು ಒಂದೂವರೆ ಲಕ್ಷ ಪೌಂಡಿಗೆ ಕೊಂಡರು. 2014ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 25 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಇಂಥ ಹಾಸಿಗೆ ನೋಡಿರಲಿಲ್ಲ.

"ಇದನ್ನು ನಾನೂ ಮಾಡ್ತೀನಿ" ಅನ್ನುವವರ ಸಾಲು ಆ ಹಾಸಿಗೆಯಷ್ಟೇ ಹಳೆಯದು. ನಿಜ ಹೇಳಬೇಕೆಂದರೆ ಅದಕ್ಕಿಂತ ಹಳೆಯದು. 1917ರಲ್ಲಿ ಮಾರ್ಸೆಲ್ ಡುಶಾಂಪ್ ನ್ಯೂಯಾರ್ಕಿನಲ್ಲಿ ಮೂತ್ರದ ಬೋಗುಣಿಯೊಂದನ್ನು ಬೇರೆ ಹೆಸರಿನ ಸಹಿ ಹಾಕಿ ಪ್ರದರ್ಶನಕ್ಕೆ ಕಳಿಸಿದಾಗಲೇ ಜನ ಹೀಗೆ ಅಂದಿರಬೇಕು. ನಾನೂ ಅಂದವನೇ. ಆದರೆ ನಾವು ಅನ್ನುತ್ತೇವೆ, ಮಾಡುವುದಿಲ್ಲ. ಹಾಸಿಗೆಯನ್ನಂತೂ ದಿನಾ ಮಾಡುತ್ತೇವೆ. ಆಮೇಲೆ ಮಡಚಿಬಿಡುತ್ತೇವೆ. ಅಲ್ಲೇ ನಾವು ಕೆಟ್ಟಿದ್ದು.

ಈ ಲೋಕದಲ್ಲಿ ನನಗೆ ಜಾಸ್ತಿ ಗೌರವ ಇರುವುದು ಪೊರಕೆ ಹಿಡಿದವರ ಮೇಲೆ. ವಿಮರ್ಶಕ ಅರ್ಧ ಪುಟ ಬರೆದು ಜಾರಿಕೊಳ್ಳುತ್ತಾನೆ, ಇವರು ಒಂದೇ ಏಟಿಗೆ ತೀರ್ಪು ಕೊಡುತ್ತಾರೆ. 2001ರಲ್ಲಿ ಲಂಡನ್ನಿನ ಗ್ಯಾಲರಿಯೊಂದರಲ್ಲಿ ಡೇಮಿಯನ್ ಹರ್ಸ್ಟ್ ಅವರ ಕೃತಿ ಇತ್ತು. ತುಂಬಿದ ಆಶ್‌ಟ್ರೇ, ಬಿಯರ್ ಬಾಟಲಿ, ಹಳೆ ಪೇಪರ್. ಬೆಳಗ್ಗೆ ಬಂದ ಕೆಲಸಗಾರ ರಾತ್ರಿ ಪಾರ್ಟಿ ಆಗಿದೆ ಅಂದುಕೊಂಡು ಎಲ್ಲವನ್ನೂ ಚೀಲಕ್ಕೆ ತುಂಬಿದ. ಗ್ಯಾಲರಿಯವರು ಕಸದಿಂದ ಸಾಮಾನು ಹೆಕ್ಕಿ, ಫೋಟೋ ನೋಡಿಕೊಂಡು ಮತ್ತೆ ಜೋಡಿಸಿದರು. ಹರ್ಸ್ಟ್ ಮಾತ್ರ ಬಿದ್ದು ಬಿದ್ದು ನಕ್ಕರಂತೆ. 2015ರಲ್ಲಿ ಇಟಲಿಯ ಬೊಲ್ಜಾನೋದಲ್ಲೂ ಇದೇ ಕಥೆ. ಅಲ್ಲಿ ಶಾಂಪೇನ್ ಬಾಟಲಿ, ಬಣ್ಣದ ಕಾಗದದ ಚೂರು.

2004ರ ಟೇಟ್ ಬ್ರಿಟನ್ ಪ್ರಸಂಗಕ್ಕೆ ಮಾತ್ರ ಸಾಟಿಯಿಲ್ಲ. ಗುಸ್ತಾವ್ ಮೆಟ್ಸ್‌ಗರ್ ಅನ್ನುವ ಹಿರಿಯ ಕಲಾವಿದರು ಬದುಕಿಡೀ ಸಾರಿದ್ದು, ಕಲೆ ತನ್ನನ್ನು ತಾನೇ ನಾಶ ಮಾಡಿಕೊಳ್ಳಬೇಕು ಅಂತ. ಅವರ ಕೃತಿಯ ಭಾಗವಾಗಿ ಪ್ಲಾಸ್ಟಿಕ್ ಚೀಲದ ತುಂಬ ಕಸ ಇತ್ತು. ಕಸ ಗುಡಿಸುವವರು ಅದನ್ನು ಎಸೆದರು. ನಾಶವಾಗಬೇಕಾದ ಕಲೆ ನಾಶವಾಯಿತು, ಸಿಹಿ ಹಂಚಬಹುದಿತ್ತು. ಇಲ್ಲ, ಗಡಿಬಿಡಿಯಲ್ಲಿ ಚೀಲ ಹುಡುಕಿ ತಂದರು. ಕಲಾವಿದರು ನೋಡಿ, ಇದು ಹಾಳಾಗಿದೆ, ಆಗುವುದಿಲ್ಲ ಅಂದರು. ಕಸ ಕೆಟ್ಟುಹೋಗಿತ್ತು. ಒಳ್ಳೆಯ ಕಸ ತುಂಬಿ ಹೊಸ ಚೀಲ ಇಟ್ಟರು.

ಆ ಕೆಟ್ಟ ಕಸದ ಚೀಲವನ್ನು ಆಮೇಲೆ ಎಸೆಯುವ ಕೆಲಸ ಯಾರ ಪಾಲಿಗೆ ಬಿತ್ತೋ. ನಾನಾಗಿದ್ದರೆ ಮೊದಲು ಲಿಖಿತ ಒಪ್ಪಿಗೆ ಕೇಳುತ್ತಿದ್ದೆ, ಮೂರು ಪ್ರತಿಯಲ್ಲಿ.