ಸೈನಿಕರ ಕಿವಿ ಹೋದ್ರೆ ಇಯರ್‌ಪ್ಲಗ್ ಮಾಡಿದ ಕಂಪನಿ ಪರಿಹಾರ ಕೊಡಬೇಕಾ? ಪರ-ವಿರೋಧ

ಪಾತ್ರೆ ತಿಕ್ಕೋ ಸ್ಕಾಚ್ ಬ್ರೈಟ್, ಆಫೀಸಲ್ಲಿ ಅಂಟಿಸೋ ಹಳದಿ ಪೋಸ್ಟ್ ಇಟ್ ಚೀಟಿ, ಇವನ್ನೆಲ್ಲ ಮಾಡೋ 3ಎಂ ಕಂಪನಿ ಎಲ್ಲರಿಗೂ ಗೊತ್ತು. ಅದೇ ಕಂಪನಿ ಅಮೆರಿಕದ ಸೈನಿಕರಿಗೆ ಇಯರ್‌ಪ್ಲಗ್ ಕೂಡ ಮಾರ್ತಿತ್ತು, ಕಾಂಬ್ಯಾಟ್ ಆರ್ಮ್ಸ್ ವರ್ಷನ್ 2 ಅಂತ ಹೆಸರು. 2003ರಿಂದ 2015ರವರೆಗೆ ಇರಾಕಿಗೆ, ಅಫ್ಘಾನಿಸ್ತಾನಕ್ಕೆ ಹೋದ ಎಷ್ಟೋ ಸೈನಿಕರು ಇದನ್ನೇ ಕಿವಿಗೆ ಹಾಕ್ಕೊಂಡಿದ್ರು. ಆಮೇಲೆ ಕಿವಿ ಮಂದ ಆಗಿದೆ, ಒಳಗೆ ಗುಂಯ್ ಅನ್ನೋ ಸದ್ದು ನಿಲ್ತಾನೇ ಇಲ್ಲ ಅಂತ ಕೋರ್ಟಿಗೆ ಹೋದ್ರು, ಹೋದವರ ಸಂಖ್ಯೆ ಬೆಳೀತಾ ಬೆಳೀತಾ ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಒಟ್ಟಿಗೆ ಸೇರಿಸಿ ನಡೆಸಿದ ಕೇಸ್‌ಗಳಲ್ಲೇ ಅತಿ ದೊಡ್ಡದು ಅನ್ನೋ ಮಟ್ಟಕ್ಕೆ ಹೋಯ್ತು. 2023ರ ಆಗಸ್ಟ್‌ನಲ್ಲಿ 3ಎಂ 601 ಕೋಟಿ ಡಾಲರ್ ಕೊಡೋಕೆ ಒಪ್ಕೊಂತು, ತಪ್ಪು ಮಾತ್ರ ಒಪ್ಕೊಳ್ಳಲಿಲ್ಲ.

ಪ್ರಶ್ನೆ ಇಷ್ಟೇ, ಸೇನೆ ಕೂತು ಮಾತಾಡಿ, ಸೇನೆ ಕೊಂಡು, ಸೇನೆನೇ ಹಂಚಿದ ವಸ್ತುವಿಗೆ ಅದನ್ನ ಮಾಡಿದ ಕಂಪನಿ ಹೊಣೆನಾ? ಎರಡೂ ಕಡೆ ನಾನೇ ಬರೀತಿದೀನಿ. ನನ್ನ ಮನಸ್ಸು ವಾಲೋದು ಪರದ ಕಡೆಗೆ, ಆದ್ರೆ ವಿರೋಧದ ಕೊನೆಲಿ ಬರೋ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ, ಅದಕ್ಕೇ ಎರಡನ್ನೂ ಬರೀಬೇಕು ಅನ್ನಿಸ್ತು.

ಪರ: ಕೊಡಲೇಬೇಕು

ಮೊದಲು ಆ ಪ್ಲಗ್ ಹೇಗಿತ್ತು ನೋಡಿ. ಒಂದು ಪುಟ್ಟ ಕಡ್ಡಿ, ಎರಡೂ ತುದಿಲಿ ಮೂರ್ಮೂರು ಪುಟಾಣಿ ಕೊಡೆ ಥರದ ರಬ್ಬರ್ ಬಳೆ, ಒಂದು ತುದಿ ಹಳದಿ, ಇನ್ನೊಂದು ಹಸಿರು. ಹಸಿರು ತುದಿ ಕಿವಿಗೆ ಹಾಕಿದ್ರೆ ಎಲ್ಲ ಸದ್ದೂ ತಡೀಬೇಕು. ಹಳದಿ ಹಾಕಿದ್ರೆ ಪಕ್ಕದವನ ಮಾತು ಕೇಳಿಸಬೇಕು, ಗುಂಡಿನ ಢಂ ಮಾತ್ರ ಒಳಗೆ ಹೋಗಬಾರದು. ಫ್ರಾನ್ಸಿನ ಸೇಂಟ್ ಲೂಯಿಯಲ್ಲಿರೋ ಫ್ರೆಂಚ್-ಜರ್ಮನ್ ಸಂಶೋಧನಾ ಸಂಸ್ಥೆಯವರ ಫಿಲ್ಟರ್ ಅದ್ರೊಳಗೆ ಇತ್ತು. ಐಡಿಯಾ ಅದ್ಭುತ, ಅದನ್ನ ಯಾರೂ ಅಲ್ಲಗಳೆಯಲ್ಲ, ಯಾಕಂದ್ರೆ ಗಸ್ತು ಹೋಗೋನಿಗೆ ಕಿವಿ ಪೂರ್ತಿ ಮುಚ್ಚಿದ್ರೆ ಜೀವಕ್ಕೇ ಅಪಾಯ, ಪೂರ್ತಿ ತೆರೆದಿದ್ರೆ ಕಿವಿಗೆ ಅಪಾಯ.

ತೊಂದ್ರೆ ಇದ್ದಿದ್ದು ಕಡ್ಡಿಯ ಉದ್ದದಲ್ಲಿ. ಕಡ್ಡಿ ಗಿಡ್ಡ ಆಗಿದ್ರಿಂದ ಒಂದು ತುದಿ ಒಳಗೆ ತಳ್ಳಿದಾಗ ಹೊರಗಡೆ ಉಳಿದ ತುದಿಯ ಕೊಡೆಗಳು ಕಿವಿ ಬಾಯಿಗೆ ಒತ್ತಿಕೊಂಡು, ಸ್ವಲ್ಪ ಸ್ವಲ್ಪವಾಗಿ ಇಡೀ ಪ್ಲಗ್ಗನ್ನ ಹೊರಗೆ ಸಡಿಲಿಸ್ತಿದ್ವು. ಕಳಚಿ ಬಿದ್ರೆ ಗೊತ್ತಾಗ್ತಿತ್ತು, ಮತ್ತೆ ಹಾಕ್ಕೊಳ್ಳಬಹುದಿತ್ತು. ಬೀಳ್ತಿರಲಿಲ್ಲ, ಹಾಕಿದವನಿಗೆ ಗೊತ್ತಾಗದಷ್ಟು ಸಡಿಲ ಆಗ್ತಿತ್ತು ಅಷ್ಟೇ. ಕಿವಿಲಿ ಪ್ಲಗ್ ಇದೆ, ನಾನು ಸೇಫ್ ಅನ್ಕೊಂಡೇ ಅವನು ಟ್ರಿಗರ್ ಒತ್ತೋನು.

ಇದು ಕಂಪನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಪ್ಲಗ್ ಮಾಡಿದ್ದು ಇಂಡಿಯಾನಾಪೊಲಿಸ್‌ನ ಏರೋ ಅನ್ನೋ ಕಂಪನಿ, 3ಎಂ ಅದನ್ನ 2008ರಲ್ಲಿ ಕೊಂಡುಕೊಂತು. 2000ನೇ ಇಸವಿಲಿ ಏರೋದ ಸ್ವಂತ ಲ್ಯಾಬ್‌ನಲ್ಲಿ ಹತ್ತು ಜನರ ಕಿವಿಗೆ ಹಾಕಿ ಟೆಸ್ಟ್ ಮಾಡೋಕೆ ಹೊರಟ್ರು, ಹಸಿರು ತುದಿಗೆ ಬಂದ ರಕ್ಷಣೆ 10.9 ಡೆಸಿಬಲ್, ಎಂಟು ಜನ ಆಗೋಷ್ಟರಲ್ಲಿ ಟೆಸ್ಟ್ ನಿಲ್ಲಿಸಿದ್ರು. ಆಮೇಲೆ ಹೊರಗಿನ ಕೊಡೆಗಳನ್ನ ಹಿಂದಕ್ಕೆ ಮಡಚಿ ಹಾಕಿ ಮತ್ತೆ ಟೆಸ್ಟ್ ಮಾಡಿದ್ರು, ಆಗ 22 ಬಂತು, ಆ 22ನ್ನೇ ಮಾರೋವಾಗ ಹೇಳಿದ್ರು. ಡೆಸಿಬಲ್ ಲೆಕ್ಕ ಕೆಜಿ, ಲೀಟರ್ ಥರ ಇರಲ್ಲ, ಹತ್ತು ಡೆಸಿಬಲ್ ವ್ಯತ್ಯಾಸ ಅಂದ್ರೆ ಸದ್ದಿನ ಶಕ್ತಿ ಹತ್ತು ಪಟ್ಟು. 22ಕ್ಕೂ 10.9ಕ್ಕೂ ಇರೋ ಅಂತರ ಹನ್ನೆರಡು ಪಟ್ಟಿಗಿಂತ ಜಾಸ್ತಿ ಸದ್ದು ಆ ಹುಡುಗನ ಕಿವಿಯೊಳಗೆ ಹೋದ ಹಾಗೆ. ಕೊಡೆ ಮಡಚಿ ಹಾಕ್ಕೋ ಅಂತ ನಮಗೆ ಯಾರೂ ಹೇಳಲಿಲ್ಲ ಅನ್ನೋದೇ ಸೈನಿಕರ ದೂರು.

ಇದು ಹೊರಗೆ ಬಂದಿದ್ದಾದ್ರೂ ಹೇಗೆ ಅಂದ್ರೆ, 2012ರಲ್ಲಿ ಪ್ರತಿಸ್ಪರ್ಧಿ ಮೋಲ್ಡೆಕ್ಸ್ ಮೇಲೆ 3ಎಂ ತಾನೇ ಪೇಟೆಂಟ್ ಕೇಸ್ ಹಾಕ್ತು. ಆ ಜಗಳದಲ್ಲಿ ಹಳೇ ಟೆಸ್ಟ್ ಕಾಗದಗಳು ಕಣ್ಣಿಗೆ ಬಿದ್ವು. 2016ರಲ್ಲಿ ಮೋಲ್ಡೆಕ್ಸ್ ಇವರು ಸರ್ಕಾರಕ್ಕೆ ದೋಷದ ಮಾಲು ಮಾರಿದಾರೆ ಅಂತ ದೂರು ಕೊಡ್ತು, 2018ರ ಜುಲೈನಲ್ಲಿ 3ಎಂ 91 ಲಕ್ಷ ಡಾಲರ್ ಕೊಟ್ಟು ಅಮೆರಿಕದ ನ್ಯಾಯ ಇಲಾಖೆ ಜೊತೆ ರಾಜಿ ಮಾಡ್ಕೊಂತು. ಆ ದುಡ್ಡು ಹೋಗಿದ್ದು ಸರ್ಕಾರಕ್ಕೆ, ಅದ್ರಲ್ಲೊಂದು ಪಾಲು ದೂರು ಕೊಟ್ಟ ಮೋಲ್ಡೆಕ್ಸ್‌ಗೆ. ಕಿವಿ ಕಳ್ಕೊಂಡವರಿಗೆ ಒಂದು ಡಾಲರ್ ಕೂಡ ಬರಲಿಲ್ಲ. ಆಮೇಲೆ ತಾನೇ ಸೈನಿಕರು ಎದ್ದಿದ್ದು, 2019ರಲ್ಲಿ ಕೇಸ್‌ಗಳನ್ನೆಲ್ಲ ಫ್ಲೋರಿಡಾದ ಪೆನ್ಸಕೋಲಾ ಕೋರ್ಟಲ್ಲಿ ಜಡ್ಜ್ ಕೇಸಿ ರಾಜರ್ಸ್ ಮುಂದೆ ಒಟ್ಟು ಮಾಡಿದ್ರು.

ಈಗ ಕಿವಿ ವಿಷಯ. ನಮ್ಮ ಒಳಗಿವಿಲಿ ಸದ್ದು ಹಿಡಿಯೋ ಕೂದಲಿನಂಥ ಕೋಶಗಳು ಇರೋದು ಸುಮಾರು 15 ಸಾವಿರ ಅಷ್ಟೇ, ಸತ್ರೆ ಮತ್ತೆ ಹುಟ್ಟಲ್ಲ. ಗುಂಯ್ ಅನ್ನೋ ಸದ್ದಿಗೆ ಡಾಕ್ಟರ್‌ಗಳು ಟಿನ್ನಿಟಸ್ ಅಂತಾರೆ, ಅದನ್ನ ಹೋಗಿಸೋ ಔಷಧಿ ಇಲ್ಲ. ನಮ್ಮ ದೊಡ್ಡಪ್ಪ ಫಿರಂಗಿ ದಳದಲ್ಲಿದ್ದು ರಿಟೈರ್ ಆದವರು, ಚಳಿಗಾಲದಲ್ಲೂ ಫ್ಯಾನ್ ಹಾಕ್ಕೊಂಡೇ ಮಲಗೋರು, ದೊಡ್ಡಮ್ಮ ಕಂಬಳಿ ಮೇಲೆ ಕಂಬಳಿ ಹೊದ್ಕೊಂಡು ಬೈತಿದ್ರು. ಫ್ಯಾನ್ ಸದ್ದು ಇದ್ರೆ ಕಿವಿಯೊಳಗಿನ ಸದ್ದು ಕಮ್ಮಿ ಅನ್ಸುತ್ತೆ ಕಣೋ ಅಂತ ಅವರು ನನಗೆ ಹೇಳಿದ್ದು ತುಂಬಾ ವರ್ಷ ಆದ್ಮೇಲೆ. ಇಪ್ಪತ್ತೈದನೇ ವಯಸ್ಸಿಗೆ ಇದು ಅಂಟ್ಕೊಂಡ್ರೆ ಇನ್ನು ಐವತ್ತು ವರ್ಷ ಮೌನ ಅಂದ್ರೇನು ಅಂತಾನೇ ಗೊತ್ತಾಗಲ್ಲ. ಅದಕ್ಕೆ ಬೆಲೆ ಎಷ್ಟು ಅಂತ ನೀವೇ ಹೇಳಿ.

ಅಂಗಡಿಲಿ ಪ್ಲಗ್ ಕೊಂಡವನಿಗೆ ಇದು ಬೇಡ, ಬೇರೆ ಕೊಡಿ ಅನ್ನೋ ಅವಕಾಶ ಇರುತ್ತೆ. ಸೈನಿಕನಿಗೆ ಇರಲ್ಲ, ಕೊಟ್ಟಿದ್ದು ಹಾಕ್ಕೋಬೇಕು. ಅವನು ತನ್ನ ಸರ್ಕಾರದ ಮೇಲೂ ಕೇಸ್ ಹಾಕೋ ಹಾಗಿಲ್ಲ. 1950ರಲ್ಲಿ ಫೆರೆಸ್ ಅನ್ನೋ ಕೇಸಲ್ಲಿ, ಬ್ಯಾರಕ್‌ಗೆ ಬೆಂಕಿ ಬಿದ್ದು ಸತ್ತ ಸೈನಿಕನ ಕಡೆಯವರು ಹಾಕಿದ ಕೇಸ್ ಅದು, ಸೇವೆಯಲ್ಲಿದ್ದಾಗ ಆದ ಗಾಯಕ್ಕೆ ಸರ್ಕಾರದ ಮೇಲೆ ದಾವೆ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಡ್ತು. ಅಂದ್ರೆ ತಟ್ಟೋಕೆ ಉಳಿದಿದ್ದು ಕಂಪನಿ ಬಾಗಿಲು ಒಂದೇ.

ಆ ಬಾಗಿಲನ್ನೂ ಮುಚ್ಚೋಕೆ ನೋಡಿದ್ರು. 2022ರ ಜುಲೈನಲ್ಲಿ ಏರೋವನ್ನ ದಿವಾಳಿ ಕೋರ್ಟಿಗೆ ಕಳಿಸಿದ್ರು, ಅಪ್ಪ ಕಂಪನಿ ಗಟ್ಟಿಯಾಗಿ ನಡೀತಿರೋವಾಗ ಮಗ ಕಂಪನಿ ಪಾಪರ್ ಅಂತ. ಏರೋಗೆ ದಿವಾಳಿ ಆಗೋವಂಥ ಹಣದ ಸಂಕಷ್ಟಾನೇ ಇಲ್ಲ ಅಂತ ಇಂಡಿಯಾನಾಪೊಲಿಸ್‌ನ ಜಡ್ಜ್ 2023ರ ಜೂನ್‌ನಲ್ಲಿ ಅರ್ಜಿ ವಜಾ ಮಾಡಿದ್ರು. ಎರಡೂವರೆ ತಿಂಗಳಿಗೆ 601 ಕೋಟಿಯ ರಾಜಿ ಬಂತು. ಕೇಸ್‌ಗಳಲ್ಲಿ ಹುರುಳೇ ಇರಲಿಲ್ಲ ಅಂದಿದ್ರೆ ಇಷ್ಟು ದೊಡ್ಡ ಮೊತ್ತಕ್ಕೆ ಯಾವ ಕಂಪನಿನೂ ಸಹಿ ಹಾಕಲ್ಲ.

ವಿರೋಧ: ಕಂಪನಿ ಕೈಲಿ ಕೊಡಿಸಿದ್ದು ಸರಿಯಾದ ದಾರಿ ಅಲ್ಲ

ಕಿವಿ ಹೋಗಿದೆ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಆ ಕಿವಿ ಹೋಗಿದ್ದು ಇದೇ ಪ್ಲಗ್‌ನಿಂದ ಅಂತ ಹೇಳೋದು ಹೇಗೆ? ಸೈನಿಕನ ರೈಫಲ್ ಒಂದೇ ಅವನ ಕಿವಿ ಹತ್ರ 150 ಡೆಸಿಬಲ್‌ಗಿಂತ ಜಾಸ್ತಿ ಸದ್ದು ಮಾಡುತ್ತೆ. ಅದ್ರ ಮೇಲೆ ರಸ್ತೆ ಬದಿ ಬಾಂಬು, ಹೆಲಿಕಾಪ್ಟರ್, ರಾತ್ರಿಯೆಲ್ಲ ಓಡೋ ಜನರೇಟರ್. ದಿಢೀರಂತ ದಾಳಿ ಆದಾಗ ಜೇಬಿಂದ ಡಬ್ಬಿ ತೆಗೆದು ಪ್ಲಗ್ ಹಾಕ್ಕೊಳ್ಳೋಕೆ ಟೈಮ್ ಯಾರಿಗಿರುತ್ತೆ? ನಮ್ಮ ದೊಡ್ಡಪ್ಪನ ಕಿವಿಗೆ ಇದ್ದಿದ್ದು ಬರೀ ಹತ್ತಿ, ಅವರ ಕಿವಿನೂ ಹೋಯ್ತು. ಪ್ಲಗ್ ಚೆನ್ನಾಗಿದ್ರೂ ಯುದ್ಧ ಕಿವಿ ತಿನ್ನುತ್ತೆ, ಅದ್ರಲ್ಲಿ ಎಷ್ಟು ಪಾಲು ಬಂದೂಕಿಂದು, ಎಷ್ಟು ಪಾಲು ಗಿಡ್ಡ ಕಡ್ಡಿದು ಅಂತ ಬೇರೆ ಮಾಡೋ ಅಳತೆ ಯಾವ ಡಾಕ್ಟರ್ ಹತ್ರನೂ ಇಲ್ಲ.

ಆ ಕಡ್ಡಿ ಗಿಡ್ಡ ಆಗಿದ್ದು ಯಾಕೆ? ಸೇನೆಯ ಡಬ್ಬಿಲಿ ಹಿಡಿಸಬೇಕು, ಚಿಕ್ಕದು ಮಾಡಿ ಅಂತ ಸೇನೆ ಕಡೆಯವರೇ ಕೇಳಿದ್ರು ಅಂತ ಕಂಪನಿ ಮೊದಲಿಂದ ಹೇಳ್ಕೊಂಡು ಬಂದಿದೆ, ಕೊಡೆ ಮಡಚೋ ವಿಷಯನೂ ಅವರಿಗೆ ತಿಳಿಸಿದ್ವಿ ಅಂತಾನೂ ಹೇಳ್ತು. ಸೇನೆ ಒಪ್ಪಿದ ಡಿಸೈನ್‌ನಂತೆ ಮಾಡಿ ಗೊತ್ತಿರೋ ಅಪಾಯ ತಿಳಿಸಿದ್ರೆ ಗುತ್ತಿಗೆದಾರನ ಮೇಲೆ ಹೊಣೆ ಬರಲ್ಲ ಅಂತ 1988ರಲ್ಲಿ ಬಾಯ್ಲ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಮುದ್ರಕ್ಕೆ ಬಿದ್ದ ಹೆಲಿಕಾಪ್ಟರ್‌ನ ಬಾಗಿಲು ಹೊರಗಡೆಗೆ ತೆರೆಯೋ ಥರ ಇದ್ದು, ನೀರಿನ ಒತ್ತಡಕ್ಕೆ ತೆಗೆಯೋಕಾಗದೆ ಪೈಲಟ್ ಸತ್ತ ಕೇಸ್ ಅದು. ಇಲ್ಲಿ ಜಡ್ಜ್ ರಾಜರ್ಸ್ 2020ರಲ್ಲಿ, ಸೇನೆ ಹಾಗೆ ನಿಖರವಾದ ಸ್ಪೆಸಿಫಿಕೇಶನ್ ಕೊಟ್ಟಿರಲಿಲ್ಲ, ಈ ರಕ್ಷಣೆ ನಿಮಗಿಲ್ಲ ಅಂದ್ರು. ಇರಬಹುದು. ಆದ್ರೆ ಅದು ಅಪೀಲಿಗೆ ಹೋಗಿ, ಮೇಲಿನ ಕೋರ್ಟ್ ತೀರ್ಪು ಕೊಡೋ ಮುಂಚೆನೇ ರಾಜಿ ಆಗಿಹೋಯ್ತು. ಇಡೀ ಕೇಸಿನ ತಳಪಾಯದಂಥ ಪ್ರಶ್ನೆಗೆ ಕೊನೆ ಉತ್ತರ ಸಿಗಲೇ ಇಲ್ಲ.

ಜ್ಯೂರಿಗಳು ಏನು ಹೇಳಿದ್ರು ನೋಡಿ. ಮಾದರಿಗೆ ಅಂತ 16 ಟ್ರಯಲ್ ನಡೆದ್ವು, ಸೈನಿಕರು ಗೆದ್ದಿದ್ದು 10, ಕಂಪನಿ ಗೆದ್ದಿದ್ದು 6. ಮೊದಲನೇದ್ರಲ್ಲಿ ಮೂವರಿಗೆ ಸೇರಿ 71 ಲಕ್ಷ ಡಾಲರ್, ಅದರ ಮುಂದಿನದ್ರಲ್ಲಿ ಸೊನ್ನೆ, 2022ರ ಜನವರಿಲಿ ಇಬ್ಬರಿಗೆ ಸೇರಿ 11 ಕೋಟಿ. ಪ್ಲಗ್ ಅದೇ, ಲ್ಯಾಬ್ ಟೆಸ್ಟ್ ಕಾಗದ ಅದೇ. ಒಬ್ಬನಿಗೆ ಕೋಟಿಗಟ್ಟಲೆ, ಇನ್ನೊಬ್ಬನಿಗೆ ಬರಿಗೈ ಅಂದ್ರೆ ಸೋತವನಿಗೆ ಅದನ್ನ ನ್ಯಾಯ ಅಂತ ಯಾವ ಬಾಯಲ್ಲಿ ಹೇಳೋದು. ಕೊನೆಗೆ ರಾಜಿಲಿ ಸುಮಾರು ಎರಡೂವರೆ ಲಕ್ಷ ಜನಕ್ಕೆ 601 ಕೋಟಿ ಹಂಚಿದ್ರೆ ತಲೆಗೆ ಸರಾಸರಿ 24 ಸಾವಿರ ಡಾಲರ್, ಅದ್ರಲ್ಲಿ ಲಾಯರ್ ಫೀಸ್ ಕಳೀಬೇಕು.

ಮತ್ತೆ ಆ ಎರಡೂವರೆ ಲಕ್ಷ ಅನ್ನೋ ಸಂಖ್ಯೆ. ಫೀಸ್ ಕಟ್ಟದೆ ಕ್ಲೇಮ್ ಹೆಸರು ಬರೆಸಿಡೋ ವ್ಯವಸ್ಥೆ ಇತ್ತು, ಲಾಯರ್‌ಗಳು ಜಾಹೀರಾತು ಕೊಟ್ಟು ಜನ ಸೇರಿಸಿದ್ರು. ರಕ್ಷಣಾ ಇಲಾಖೆಯ ಶ್ರವಣ ಪರೀಕ್ಷೆ ದಾಖಲೆ ತೆಗೆಸಿ ನೋಡಿದ್ರೆ ಕ್ಲೇಮ್ ಹಾಕಿದವರಲ್ಲಿ ಹೆಚ್ಚುಕಮ್ಮಿ ಶೇ 90 ಜನಕ್ಕೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಮಾನದಂಡದ ಪ್ರಕಾರ ಶ್ರವಣ ದೋಷ ಇಲ್ಲ ಅಂತ 3ಎಂ ವಾದ ಮಾಡ್ತು. ಟಿನ್ನಿಟಸ್ ಆ ಪರೀಕ್ಷೆಲಿ ಕಾಣಲ್ಲ, ಅದು ನಿಜ, ಅದಕ್ಕೇ ಈ ಶೇ 90ನ್ನ ನಾನು ಪೂರ್ತಿ ಒಪ್ಪಲ್ಲ. ಆದ್ರೆ ಒಂದೊಂದು ಕಿವಿನೂ ಪರೀಕ್ಷೆ ಮಾಡದೆ ರಾಶಿ ಹಾಕಿ ಎಣಿಸಿದ್ರೆ ನಿಜವಾಗಿ ಕಿವುಡಾದವನ ಪಾಲಿನಿಂದಲೇ ಉಳಿದವರಿಗೆ ಹೋಗೋದು.

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆ ಅಂತ ಇದೆ. ಸೇವೆಯಿಂದ ಬಂದ ಅಂಗವೈಕಲ್ಯಗಳಲ್ಲಿ ಅವರ ಲೆಕ್ಕದಲ್ಲಿ ಮೊದಲ ಸ್ಥಾನದಲ್ಲಿರೋದೇ ಟಿನ್ನಿಟಸ್. ಅದಕ್ಕೆ ಶೇ 10 ರೇಟಿಂಗ್ ಕೊಡ್ತಾರೆ, 2024ರಲ್ಲಿ ಅದು ತಿಂಗಳಿಗೆ 171 ಡಾಲರ್. ಯಾವ ಕಂಪನಿ ಪ್ಲಗ್ ಹಾಕಿದ್ದೆ ಅಂತ ಅಲ್ಲಿ ಯಾರೂ ಕೇಳಲ್ಲ, ಸೇವೆಲಿದ್ದಾಗ ಬಂತಾ ಅಂತಷ್ಟೇ ಕೇಳ್ತಾರೆ. 171 ಕಮ್ಮಿನಾ? ಕಮ್ಮಿನೇ, ನನ್ನ ಕೇಳಿದ್ರೆ ತುಂಬಾ ಕಮ್ಮಿ. ಹಂಗಿದ್ರೆ ಅದನ್ನ ಜಾಸ್ತಿ ಮಾಡಿ ಅಂತ ಜಗಳ ಆಡಬೇಕು. ಒಂದೇ ಹಮ್ವೀ ಗಾಡಿಲಿ ಕೂತ ಇಬ್ಬರನ್ನ ನೆನೆಸ್ಕೊಳ್ಳಿ, ಒಬ್ಬನ ಕಿವಿಲಿ ಈ ಎರಡು ತುದಿಯ ಪ್ಲಗ್, ಇನ್ನೊಬ್ಬನ ಕಿವಿಲಿ ಸಾಧಾರಣ ಫೋಮ್ ಪ್ಲಗ್. ಅದೇ ಬಾಂಬು, ಇಬ್ಬರಿಗೂ ಅದೇ ಗುಂಯ್. ಮೊದಲನೆಯವನಿಗೆ 3ಎಂ ಚೆಕ್ ಬರುತ್ತೆ, ಎರಡನೆಯವನು ಈ ರಾಜಿಯ ಲೆಕ್ಕದಲ್ಲೇ ಇಲ್ಲ.

ಫೆರೆಸ್ ತೀರ್ಪು ಇರೋದ್ರಿಂದ ಕಂಪನಿ ಬಾಗಿಲು ತಟ್ಟಲೇಬೇಕು ಅಂತ ಪರದವರು ಹೇಳ್ತಾರಲ್ಲ, ನನಗೆ ಇಲ್ಲೇ ಕಷ್ಟ ಆಗೋದು. ಸೇನೆ ಆ ಪ್ಲಗ್ ಆರಿಸ್ತು, ಹಂಚ್ತು, ಹಾಕ್ಕೊಳ್ಳೋದು ಹೇಗೆ ಅಂತ ಕಲಿಸೋ ಕೆಲಸನೂ ಅದ್ರದ್ದೇ ಆಗಿತ್ತು, ಇಷ್ಟು ವರ್ಷ ಇದು ಸಡಿಲ ಆಗ್ತಿದೆಯಾ ಅಂತ ನೋಡಲಿಲ್ಲ. ಸೇನೆಯ ಪಾಲನ್ನೂ ಸೇರಿಸಿ ಕಂಪನಿ ಕೈಲಿ ಕಟ್ಟಿಸಿದ್ರೆ 1950ರ ಆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ. 2019ರಲ್ಲಿ ಅಮೆರಿಕದ ಕಾಂಗ್ರೆಸ್ ಆ ಗೋಡೆಲಿ ಒಂದು ಸಣ್ಣ ಕಿಟಕಿ ತೆಗೀತು, ಸೇನಾ ಆಸ್ಪತ್ರೆಲಿ ಡಾಕ್ಟರ್ ತಪ್ಪಿನಿಂದ ಗಾಯ ಆದ್ರೆ ಸೈನಿಕ ರಕ್ಷಣಾ ಇಲಾಖೆ ಹತ್ರಾನೇ ಪರಿಹಾರ ಕೇಳಬಹುದು ಅಂತ. ಪೆನ್ಸಕೋಲಾದಲ್ಲಿ ಕೇಸ್‌ಗಳು ರಾಶಿ ಬಿದ್ದಿದ್ದೂ ಅದೇ ವರ್ಷ, ಆದ್ರೆ ಕಿವಿ ಕಳ್ಕೊಂಡವರಿಗೆ ಅಂಥದ್ದೊಂದು ಕಿಟಕಿ ಯಾರೂ ತೆಗೀಲಿಲ್ಲ.