ಬಿಲ್ಡ್ ನಿಂತಿಲ್ಲ, ಉತ್ತರಕ್ಕೆ ಕಾಯ್ತಿದೆ

ಲೇಟೆಕ್ (ಪುಸ್ತಕದ ಪುಟ ಜೋಡಿಸುವ ತಂತ್ರಾಂಶ) ಫೈಲ್ ಅನ್ನು ಬಿಲ್ಡ್ ಮಾಡಲು, ಅಂದರೆ ಪಿಡಿಎಫ್ ಆಗಿಸಲು, ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟರೆ ಸಾಕು, ಎಡಿಟರ್ ಒಳಗಿಂದಲೇ ಬಿಲ್ಡ್ ಮಾಡುವ ಗೋಜು ಯಾಕೆ ಅಂತ ಬರೆದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ.

ಶಿರಸಿಯ ಮನೆಯಲ್ಲಿ ಕೂತು ಅಡಿಕೆ ತೋಟದ ಬಗ್ಗೆ ಒಂದು ಪುಸ್ತಕವನ್ನು ಲೇಟೆಕ್‌ನಲ್ಲಿ ಜೋಡಿಸುತ್ತಿದ್ದೇನೆ. ಕನ್ನಡ ಅಕ್ಷರ ಸರಿಯಾಗಿ ಬರಲಿ ಅಂತ ಅದರದೇ ಒಂದು ರೂಪವಾದ ಝೀಲೇಟೆಕ್ ಬಳಸುತ್ತೇನೆ. ಮೊದಮೊದಲು ಈಮ್ಯಾಕ್ಸ್ ಎಡಿಟರ್‌ನ ಕಂಪೈಲ್ ಕಮಾಂಡ್‌ನಿಂದ ಓಡಿಸುತ್ತಿದ್ದೆ. ಒಂದು ಸಂಜೆ ಅರ್ಧ ಗಂಟೆ ಕಾದರೂ ಪಿಡಿಎಫ್ ಬರಲಿಲ್ಲ. ಔಟ್‌ಪುಟ್ ಕಿಟಕಿ ತೆರೆದು ನೋಡಿದರೆ ಕೊನೆಯಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ! ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋಗಿತ್ತು. ಏನು ಮಾಡಲಿ ಅಂತ ಲೇಟೆಕ್ ಕೇಳುತ್ತಾ ನಿಂತಿತ್ತು, ಆ ಕಿಟಕಿಯಲ್ಲಿ ಉತ್ತರ ಟೈಪ್ ಮಾಡುವ ದಾರಿಯೇ ಇರಲಿಲ್ಲ. ತಪ್ಪು ಕಂಡರೂ ಕೇಳುತ್ತಾ ನಿಲ್ಲದಂತೆ ಮಾಡುವ ನಾನ್‌ಸ್ಟಾಪ್‌ಮೋಡ್ ಆಯ್ಕೆಯನ್ನು ಕಮಾಂಡ್‌ಗೆ ಸೇರಿಸಿದ ಮೇಲೆ ಆ ಕಾಟ ತಪ್ಪಿತು. ತಪ್ಪಿನ ಜೊತೆ ಫೈಲ್ ಹೆಸರು, ಸಾಲಿನ ಸಂಖ್ಯೆ ತೋರಿಸುವ ಫೈಲ್-ಲೈನ್-ಎರರ್ ಅನ್ನೂ ಸೇರಿಸಿ. ಆಗ ಔಟ್‌ಪುಟ್ ಕಿಟಕಿಯಲ್ಲಿ ಆ ತಪ್ಪಿನ ಮೇಲೆ ಎಂಟರ್ ಒತ್ತಿದರೆ ನೇರ ಆ ಸಾಲಿಗೇ ಹೋಗುತ್ತೀರಿ. ಟರ್ಮಿನಲ್‌ನಲ್ಲಿ ಸಾಲಿನ ಸಂಖ್ಯೆ ನೋಡಿ ಹುಡುಕುವುದಕ್ಕಿಂತ ಎಷ್ಟೋ ಸುಲಭ, ಅಲ್ವಾ?

ಈಗ ಈಮ್ಯಾಕ್ಸ್‌ನಲ್ಲಿ ಲೇಟೆಕ್ ಕೆಲಸಕ್ಕೆಂದೇ ಇರುವ ಆಕ್‌ಟೆಕ್ ಎಂಬ ಪ್ಯಾಕೇಜ್ ಹಾಕಿಕೊಂಡಿದ್ದೇನೆ. ಕಂಟ್ರೋಲ್-ಸಿ ಎರಡು ಸಲ ಒತ್ತಿ, ಅದು ಕೇಳುವ ಕಮಾಂಡ್‌ಗೆ ಎಂಟರ್ ಕೊಟ್ಟರೆ ಬಿಲ್ಡ್ ಶುರು. ನಡುವೆ ನಿಲ್ಲಿಸಬೇಕೆಂದರೆ ಕಂಟ್ರೋಲ್-ಸಿ, ಕಂಟ್ರೋಲ್-ಕೆ.

ಪರಿವಿಡಿ, ಪುಟಸಂಖ್ಯೆ ಸರಿಯಾಗಲು ಲೇಟೆಕ್ ಅನ್ನು ಎರಡು ಮೂರು ಸಲ ಓಡಿಸಬೇಕು. ಅದನ್ನು ಬೇಕಾದಷ್ಟು ಸಲ ತಾನೇ ಓಡಿಸುವ ಲೇಟೆಕ್‌ಎಂಕೆ ಎಂಬ ಪ್ರೋಗ್ರಾಂಗೆ ಬಿಡಿ. ಪಿವಿಸಿ ಆಯ್ಕೆ ಕೊಟ್ಟರೆ ಫೈಲ್ ಸೇವ್ ಆದಾಗಲೆಲ್ಲ ಅದೇ ಬಿಲ್ಡ್ ಮಾಡುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಮಾತ್ರ ನಾನು ಅದನ್ನು ನಿಲ್ಲಿಸಿಬಿಡುತ್ತೇನೆ. ಪ್ರತಿ ಸೇವ್‌ಗೂ ಇಡೀ ಪುಸ್ತಕ ಬಿಲ್ಡ್ ಆದರೆ ಬ್ಯಾಟರಿ ಸುಮ್ನೆ ಖಾಲಿ.